ಇನ್ನೂ ಹುಟ್ಟದ ಮುದುಕಿ

ಸೋಮವಾರ ಬೆಳಿಗ್ಗೆ ವಿಭಾಗದ ಮುಖ್ಯಸ್ಥ ಪೊಂಟುಸ್ ಕೆನೆ ತುಂಬಿದ ಬನ್ನುಗಳ ಡಬ್ಬಿ ಹಿಡಿದು ಸಭೆಯ ಕೋಣೆಗೆ ಬಂದಾಗಲೇ ಇಲ್ವಾಳಿಗೆ ಅನುಮಾನ ಬಂತು. ಆ ಮನುಷ್ಯ ಸುಮ್ಮಸುಮ್ಮನೆ ಯಾರಿಗೂ ಏನೂ ಕೊಟ್ಟವನಲ್ಲ. ಕೊಡುತ್ತಿದ್ದಾನೆಂದರೆ ಯಾವುದೋ ಕಂಟಕದಿಂದ ಪಾರಾಗಿದ್ದಾನೆ ಎಂದೇ ಅರ್ಥ.

"ತಗೊಳ್ಳಿ, ತಗೊಳ್ಳಿ. ಆ ಅಲಾರಂ ಗಲಾಟೆ ಇತ್ತಲ್ಲ, ಅದು ನಮ್ಮ ತಲೆ ಮೇಲಿಂದ ಇಳೀತು. ಪುರಸಭೆಯವರ ಕರಡು ವರದಿ ಬಂದಿದೆ. ಸಿಬ್ಬಂದಿಯ ತಪ್ಪು ಅಂತ ಬರೆದಿದಾರೆ. ನಮ್ಮ ಸಿಸ್ಟಂ ಹೇಗೆ ಕೆಲಸ ಮಾಡಬೇಕಿತ್ತೋ ಹಾಗೇ ಮಾಡಿದೆಯಂತೆ," ಎಂದ ಪೊಂಟುಸ್, ಮೂಗಿಗೆ ಹತ್ತಿದ ಕೆನೆ ಒರೆಸಿಕೊಳ್ಳುತ್ತ.

ಗೋಥೆನ್‌ಬರ್ಗಿನ ನದಿಯಾಚೆ, ಹಡಗು ಕಟ್ಟುತ್ತಿದ್ದ ಹಳೆಯ ಶೆಡ್ಡೊಂದರ ಎರಡನೆಯ ಮಹಡಿಯಲ್ಲಿ ಇವರ ಕಚೇರಿ. ದೊಡ್ಡ ಕಂಪನಿಯೊಂದರ ಪುಟ್ಟ ವಿಭಾಗ, ಹನ್ನೊಂದು ಜನ. ಒಂಟಿಯಾಗಿರುವ ಮುದುಕರ ಮಣಿಕಟ್ಟಿಗೆ ಕಟ್ಟುವ ಅಲಾರಂ ಗುಂಡಿ ಒತ್ತಿದರೆ ಅದು ಯಾರ ಮನೆ, ಯಾರು ಓಡಬೇಕು ಎಂದು ಹೇಳುವ ಪ್ರೋಗ್ರಾಂ ಇವರದು. ದಿನಕ್ಕೆ ಮೂರು ಸಲ ಮನೆಗೆ ಹೋಗಿ ಊಟ, ಔಷಧಿ, ಸ್ನಾನ ನೋಡಿಕೊಳ್ಳುವ ಸಹಾಯಕಿಯರಿಗೆ ಇವತ್ತು ಯಾರ್ಯಾರ ಮನೆ ಎಂಬ ಪಟ್ಟಿಯನ್ನು ಫೋನಿಗೆ ಕಳಿಸುವುದೂ ಅದೇ. ಸುತ್ತಲಿನ ಆರು ಸಣ್ಣ ಊರುಗಳ ಪುರಸಭೆಗಳು ಅದನ್ನು ಬಳಸುತ್ತಿದ್ದವು.

ಗಲಾಟೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಎರಡು ವಾರದ ಹಿಂದೆ ನದಿಯ ಮೇಲ್ದಂಡೆಯ ಒಂದು ಊರಿನಲ್ಲಿ ಯೋರ್ಡಿಸ್ ಹೋಕ್ ಎಂಬ ಮುದುಕಿ ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಗುಂಡಿ ಒತ್ತಿದರೂ ಯಾರೂ ಬರಲಿಲ್ಲ. ಇಪ್ಪತ್ತೊಂದು ಗಂಟೆ ನೆಲದ ಮೇಲೇ ಬಿದ್ದಿದ್ದರು.

"ಯಾರ ತಪ್ಪಂತೆ?" ಇಲ್ವಾ ಕೇಳಿದಳು.

"ಮನೆಗೆ ಹೋಗ್ತಿದ್ದ ಸಹಾಯಕಿದು. ಲುವಾಮ್ ಅಂತ ಏನೋ ಹೆಸರು. ಜನವರಿ ಒಂದರಿಂದ ಆ ಮನೆಗೆ ಒಂದು ಸಲಾನೂ ಹೋದ ದಾಖಲೆ ಇಲ್ಲ. ಕೇಳಿದ್ರೆ 'ದಿನಾ ಹೋಗಿದ್ದೆ' ಅಂತಾಳಂತೆ. ಕೆಲಸದಿಂದ ದೂರ ಇಟ್ಟಿದಾರೆ."

"ಗುಂಡಿ? ಅದನ್ನ ಒತ್ತಿದ್ದು?"

"ಒತ್ತಿದ್ದು ನಮಗೆ ಬಂದೇ ಇಲ್ಲ. ಮುದುಕಿಗೆ ಈ ಸಲ ನೂರು ವರ್ಷ ತುಂಬುತ್ತಂತೆ, ಎಲ್ಲಿ ಒತ್ತಿದರೋ ಏನೋ. ಬನ್ ತಗೋ."

ನೂರು ವರ್ಷ ಎಂಬ ಮಾತು ಕಿವಿಗೆ ಬಿದ್ದದ್ದೇ ಇಲ್ವಾ ಕುರ್ಚಿ ಹಿಂದಕ್ಕೆ ತಳ್ಳಿದಳು. ಬನ್ ಮುಟ್ಟದೆ ಎದ್ದು ತನ್ನ ಮೇಜಿಗೆ ಹೋಗಿ ಯೋರ್ಡಿಸ್ ಹೋಕ್ ಎಂದು ಹುಡುಕಿದಳು. ಬಳಕೆಯಲ್ಲಿರುವವರ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ಯಾರೂ ನೋಡದ ಇನ್ನೊಂದು ಮೂಲೆಯಲ್ಲಿ, ತಾಳೆಯಾಗದ ಹೆಸರುಗಳನ್ನು ತಳ್ಳುವ ಜಾಗದಲ್ಲಿ ಸಿಕ್ಕಿತು. ಹುಟ್ಟಿದ ದಿನದ ಎದುರು ಹೀಗಿತ್ತು: 14 ನವೆಂಬರ್ 2025. ಸ್ಥಿತಿ: ಇನ್ನೂ ಹುಟ್ಟಿಲ್ಲ.

ಅಂದು 2025ರ ಫೆಬ್ರವರಿ ಮೂರು. ಮುದುಕಿ ಹುಟ್ಟುವುದಕ್ಕೆ ಇನ್ನೂ ಒಂಬತ್ತು ತಿಂಗಳಿತ್ತು. ಹೆಸರಿನ ಕೆಳಗೆ ಇಪ್ಪತ್ತಮೂರು ಸಾಲುಗಳಿದ್ದವು. ಇಪ್ಪತ್ತಮೂರೂ ಅಲಾರಂ ಕರೆಗಳು. ಜನವರಿ ಇಪ್ಪತ್ತೊಂದರ ಬೆಳಿಗ್ಗೆ ಎಂಟೂ ಹತ್ತಕ್ಕೆ ಮೊದಲನೆಯದು. ಎಂಟೂ ಹನ್ನೊಂದಕ್ಕೆ ಇನ್ನೊಂದು, ಎಂಟೂ ಹದಿನೈದಕ್ಕೆ ಮತ್ತೊಂದು. ಆಮೇಲೆ ಗಂಟೆಗೆ ಒಂದೋ ಎರಡೋ. ಸಂಜೆಯ ಹೊತ್ತಿಗೆ ಎರಡು ಗಂಟೆಗೊಂದು. ಎಲ್ಲದರ ಮುಂದೆ ಒಂದೇ ಒಕ್ಕಣೆ: ವ್ಯಕ್ತಿ ಇಲ್ಲ, ಕರೆ ಬಿಡಲಾಗಿದೆ.

'ನಮಗೆ ಬಂದೇ ಇಲ್ಲ' ಅಂದನಲ್ಲ ಈ ಪಾಪಿ, ಎಂದುಕೊಂಡಳು ಇಲ್ವಾ. ಮೈಯೆಲ್ಲ ಉರಿದುಹೋಯಿತು.

ಅವಳಿಗೆ ಕಾರಣ ಹುಡುಕುವ ಅಗತ್ಯವೇ ಇರಲಿಲ್ಲ. ಆ ದೇಶದಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ: ಹುಟ್ಟಿದ ವರ್ಷದ ಕೊನೆಯ ಎರಡಂಕಿ, ತಿಂಗಳು, ದಿನ, ಒಂದು ಅಡ್ಡಗೆರೆ, ಆಮೇಲೆ ನಾಲ್ಕು ಅಂಕಿ. ನೂರು ತುಂಬಲಿರುವ ವರ್ಷದ ಮೊದಲ ದಿನ ಆ ಅಡ್ಡಗೆರೆ ಹೋಗಿ ಪ್ಲಸ್ ಚಿಹ್ನೆ ಬರುತ್ತದೆ. 1925ರಲ್ಲಿ ಹುಟ್ಟಿದವರಿಗೂ 2025ರಲ್ಲಿ ಹುಟ್ಟಿದವರಿಗೂ ಇರುವ ವ್ಯತ್ಯಾಸ ಆ ಒಂದು ಚಿಹ್ನೆ ಮಾತ್ರ. ಹೋದ ನವೆಂಬರಿನಲ್ಲಿ ಕಂಪನಿ ತಂದ ಹೊಸ ಅಲಾರಂ ಯಂತ್ರಕ್ಕೆ ಅಕ್ಷರ, ಚಿಹ್ನೆ ಯಾವುದೂ ಅರ್ಥವಾಗುತ್ತಿರಲಿಲ್ಲ. ಅದಕ್ಕೆ ಬರೀ ಸಂಖ್ಯೆ ಬೇಕಿತ್ತು. ಹಾಗಾಗಿ ಬರಹವನ್ನು ಸಂಖ್ಯೆ ಮಾಡಿ ಕಳಿಸಬೇಕು, ಅಲ್ಲಿಂದ ಬಂದ ಸಂಖ್ಯೆಯನ್ನು ಮತ್ತೆ ಬರಹ ಮಾಡಿಕೊಳ್ಳಬೇಕು. ಈ ಎರಡು ಕೆಲಸಕ್ಕೆ ಎರಡು ಪುಟ್ಟ ಫಂಕ್ಷನ್ನುಗಳು. ಹೋಗುವುದಕ್ಕೆ 'ತಿಲ್‌ತಾಲ್', ಬರುವುದಕ್ಕೆ 'ಫ್ರೋನ್‌ತಾಲ್'. ಬರೆದವಳು ಇಲ್ವಾ.

ಅವಳು ಯೋರ್ಡಿಸ್ ಅವರ ಸಂಖ್ಯೆಯನ್ನು ಪ್ಲಸ್ ಸಮೇತ ಮೊದಲನೆಯದಕ್ಕೆ ಕೊಟ್ಟಳು. ಹತ್ತಂಕಿಯ ಸಂಖ್ಯೆ ಬಂತು. ಅದನ್ನು ಎರಡನೆಯದಕ್ಕೆ ಕೊಟ್ಟಳು. ಪ್ಲಸ್ ಇದ್ದ ಕಡೆ ಅಡ್ಡಗೆರೆ ಹಾಕಿಕೊಂಡು ಆಚೆ ಬಂತು. ಮತ್ತೆ ಕೊಟ್ಟಳು, ಮತ್ತೆ ಅದೇ. ಸಂಖ್ಯೆಯೊಳಗೆ ಚಿಹ್ನೆಗೆ ಜಾಗವಿರಲಿಲ್ಲ. ಹೋಗುವಾಗ ಉದುರಿದ್ದನ್ನು ಬರುವಾಗ ತರುವುದಾದರೂ ಎಲ್ಲಿಂದ? ತಿಳಿಯದಿದ್ದ ಮೇಲೆ ತಿಳಿಯದು ಎನ್ನಬೇಕಿತ್ತು. ಅದು ಬಿಟ್ಟು ಊಹೆ ಮಾಡಿ, ನೂರಕ್ಕಿಂತ ಕಡಿಮೆ ವಯಸ್ಸು ಎಂದು ತಾನೇ ತೀರ್ಮಾನಿಸಿ, ಧೈರ್ಯವಾಗಿ ಉತ್ತರ ಕೊಡುತ್ತಿತ್ತು.

ಗೋಥೆನ್‌ಬರ್ಗಿನ ವಿಶ್ವವಿದ್ಯಾಲಯದಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿತವರಿಗೆ ಒಂದು ಸಣ್ಣ ಗರ್ವ ಇರುತ್ತದೆ. ಇಲ್ವಾಳಿಗೂ ಇತ್ತು. ಅಂಥ ಫಂಕ್ಷನ್ನಿಗೆ ಒಂದೇ ವಸ್ತು ಕೊಟ್ಟರೆ ಎಂದಿಗೂ ಒಂದೇ ಉತ್ತರ, ಕದ್ದು ಮುಚ್ಚಿ ಬೇರೇನೂ ಮಾಡುವಂತಿಲ್ಲ ಎಂದು ನೆಂಟರಿಷ್ಟರ ಮುಂದೆಲ್ಲ ಹೊಗಳಿಕೊಂಡವಳು ಅವಳು. ಈಗ ನೋಡಿದರೆ ಸುಳ್ಳನ್ನೂ ಅದು ಅಷ್ಟೇ ನಿಯತ್ತಿನಿಂದ ಪ್ರತಿ ಸಲ ಹೇಳುತ್ತಿತ್ತು.

ಆದರೆ ಇದನ್ನು ಹಿಡಿಯಲೆಂದೇ ಅವಳು ಒಂದು ಪರೀಕ್ಷೆ ಬರೆದಿದ್ದಳು. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಯಾವ ಬರಹವನ್ನಾದರೂ ಸಂಖ್ಯೆ ಮಾಡಿ ವಾಪಸು ತಂದರೆ ಮೊದಲಿದ್ದದ್ದೇ ಸಿಗಬೇಕು ಎಂಬ ಒಂದೇ ಕಟ್ಟಳೆ. ಯಂತ್ರವೇ ಸಾವಿರ ಸಂಖ್ಯೆಗಳನ್ನು ಮನಸ್ಸಿಗೆ ಬಂದಂತೆ ಹುಟ್ಟಿಸಿ ಒಂದೊಂದನ್ನೂ ಹೋಗಿಬರಿಸಿ ನೋಡುತ್ತದೆ. ಶತಾಯುಷಿಗಳೂ ಅದರಲ್ಲಿ ಬರುವಂತೆ ಅವಳೇ ಮಾಡಿದ್ದಳು. ಹಾಗಿದ್ದರೆ ಅದು ಕೂಗಿಕೊಳ್ಳಲಿಲ್ಲವೇಕೆ?

ಹಳೆಯ ದಾಖಲೆ ತೆಗೆದಳು. ಅಕ್ಟೋಬರ್ ಕೊನೆಯಲ್ಲಿ ಆ ಪರೀಕ್ಷೆಯನ್ನು ಅಳಿಸಲಾಗಿತ್ತು. ಅಳಿಸಿದವನು ಪೊಂಟುಸ್. ಪಕ್ಕದಲ್ಲಿ ಅವನದೇ ಟಿಪ್ಪಣಿ: 'ಸುಮ್ಮನೆ ಕಿರುಚುತ್ತಿದೆ, ಹೊಸ ಆವೃತ್ತಿಯ ಬಿಡುಗಡೆಗೆ ಅಡ್ಡಿ.' ಅದರ ಕೆಳಗೆ ಇನ್ನೊಂದು ಸಾಲು: 'ಪರಿಶೀಲಿಸಿ ಒಪ್ಪಿದವರು: ಇಲ್ವಾ.'

ಅವಳು ಆ ಸಾಲನ್ನು ಮೂರು ಸಲ ಓದಿದಳು. ಅಕ್ಟೋಬರಿನ ಆ ದಿನ ಶುಕ್ರವಾರ, ಸಂಜೆ ನಾಲ್ಕು ಗಂಟೆ. ಬೆನ್ನ ಮೇಲೆ ಬ್ಯಾಗು ಹಾಕಿಕೊಂಡು, ತನ್ನ ಮನೆಯಿದ್ದ ದ್ವೀಪಕ್ಕೆ ಹೋಗುವ ದೋಣಿ ತಪ್ಪೀತೆಂದು ಗಡಿಯಾರ ನೋಡುತ್ತ, ಓದದೆಯೇ 'ಒಪ್ಪಿದೆ' ಎಂದು ಒತ್ತಿದ್ದು ನೆನಪಿಗೆ ಬಂತು. ಮುಷ್ಟಿ ಬಿಗಿದು ಮೇಜಿಗೆ ಗುದ್ದಿದಳು. ಪಕ್ಕದವರ ಕಾಫಿ ಚೆಲ್ಲಿತು.

ಪೊಂಟುಸನ ಗಾಜಿನ ಕೋಣೆಯ ಬಾಗಿಲನ್ನು ಅವಳು ತಟ್ಟಲಿಲ್ಲ.

"ಇಪ್ಪತ್ತಮೂರು ಸಲ ಒತ್ತಿದಾರೆ. ಇಪ್ಪತ್ತಮೂರೂ ನಮಗೆ ಬಂದಿದೆ. ಬಂದಿಲ್ಲ ಅಂತ ಬರೆದುಕೊಟ್ಟವನು ಯಾರು? ನೀನೇನಾ?"

"ಇಲ್ವಾ, ಮೊದಲು ಕೂತ್ಕೋ. ಕಾಫಿ ತರಿಸ್ಲಾ?"

"ಕಾಫಿ ತರಿಸಿದ್ರೆ ನಿನ್ನ ತಲೆ ಮೇಲೇ ಸುರೀತೀನಿ. ಉತ್ತರ ಕೊಡು."

ಪೊಂಟುಸ್ ಬಾಗಿಲು ಮುಚ್ಚಿದ. "ನೋಡು, ಬಂದ ಕರೆಗಳ ಪಟ್ಟೀಲಿ ಇರ್ಲಿಲ್ಲ. ಬಂದಿಲ್ಲ ಅಂತ ಬರೆದೆ. ಕಸದ ಮೂಲೇನೆಲ್ಲ ಕೆದಕಿ ನೋಡೋಕಾಗುತ್ತಾ?"

"ಕಸದ ಮೂಲೆಗೆ ತಳ್ಳಿದ್ದು ನಾವು! ಆ ಪರೀಕ್ಷೆ ಇದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು. ಅದು ಕಿರುಚ್ತಿದ್ದದ್ದು ಸುಮ್ಮನೆ ಅಲ್ಲ ಕಣೋ. ಸರಿಯಾಗೇ ಕಿರುಚ್ತಿತ್ತು. ನೀನು ಅದರ ಬಾಯಿಗೆ ಬಟ್ಟೆ ತುರುಕಿದೆ."

"ನೂರು ದಾಟಿದವರು ಎಷ್ಟು ಜನ ಇದಾರೆ ಹೇಳು? ಕೈಬೆರಳಲ್ಲಿ ಎಣಿಸಬಹುದು. ಅವರಿಗೋಸ್ಕರ ಬಿಡುಗಡೆ ನಿಲ್ಲಿಸ್ಲಾ? ಅದಿರಲಿ, ಒಪ್ಪಿಗೆ ಕೊಟ್ಟದ್ದು ಯಾರು ಅಂತ ನೋಡಿದ್ಯೋ ಇಲ್ವೋ?"

"ನೋಡಿದೆ."

"ಹಾಗಾದ್ರೆ ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ನೀಟಾಗಿ ರಿಪೇರಿ ಮಾಡು, ಸದ್ದು ಮಾಡಬೇಡ. ವರದಿ ಬಂದಾಗಿದೆ. ಆ ಸಹಾಯಕಿಗೆ ಬೇರೆ ಕಡೆ ಕೆಲಸ ಸಿಗುತ್ತೆ, ಅವರಿಗೆಲ್ಲ ಎಲ್ಲಾದ್ರೂ ಸಿಕ್ಕೇ ಸಿಗುತ್ತೆ."

"ಅವರಿಗೆಲ್ಲ ಅಂದ್ರೆ ಯಾರಿಗೆ?"

ಪೊಂಟುಸ್ ಮುಖ ಕೆಂಪು ಮಾಡಿಕೊಂಡು ಕಿಟಕಿಯ ಕಡೆ ತಿರುಗಿದ.

"ಇನ್ನೂ ಎಷ್ಟು ಜನ ಹೀಗೆ ಹುಟ್ಟದೇ ಕೂತಿದಾರೆ ಅಂತಾನಾದ್ರೂ ನೋಡಿದ್ಯಾ?" ಎಂದಳು ಇಲ್ವಾ. ಅವನು ನೋಡಿರಲಿಲ್ಲ.

ಕಸದ ಮೂಲೆಯಲ್ಲಿ ಇನ್ನೂ ನಾಲ್ವರಿದ್ದರು. ಮೂವರು ವೃದ್ಧಾಶ್ರಮಗಳಲ್ಲಿ, ಸುತ್ತ ಜನರ ನಡುವೆ ಇದ್ದುದರಿಂದ ಬಚಾವಾಗಿದ್ದರು. ನಾಲ್ಕನೆಯವರು ಒಬ್ಬ ಮುದುಕ. ಕಾಡಂಚಿನ ತೋಟದ ಮನೆಯಲ್ಲಿ ಒಬ್ಬರೇ, ವಯಸ್ಸು ನೂರಾ ಎರಡು; ಪ್ರೋಗ್ರಾಂ ಲೆಕ್ಕದಲ್ಲಿ ಎರಡು ವರ್ಷದ ಕೂಸು. ಇಲ್ವಾ ಅವರಿಗೇ ಫೋನು ಮಾಡಿದಳು.

"ಅಲಾರಂ ತಾನೇ? ಚೆನ್ನಾಗಿದೆ. ಯಾವತ್ತೂ ಒತ್ತಿಲ್ಲ," ಎಂದರು ಮುದುಕ.

"ಒಂದು ಸಲ ಒತ್ತಿ ನೋಡ್ತೀರಾ? ಈಗಲೇ."

"ಒತ್ತಿದೆ."

ಕಚೇರಿಯ ಅಷ್ಟೂ ಜನ ಅವಳ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಕರೆಗಳ ಪಟ್ಟಿ ಅಲ್ಲಾಡಲಿಲ್ಲ. ಕಸದ ಮೂಲೆಯಲ್ಲಿ ಒಂದು ಸಾಲು ಹೆಚ್ಚಾಯಿತು.

"ಬಂತಾ?" ಮುದುಕ ಕೇಳಿದರು. "ಹಲೋ? ಬಂತೋ ಇಲ್ಲವೋ?"

"ಇನ್ನೊಂದು ಅರ್ಧ ಗಂಟೆ ಕೂತ ಕಡೆಯಿಂದ ಏಳಬೇಡಿ. ನಾನೇ ಮತ್ತೆ ಮಾಡ್ತೀನಿ," ಎಂದಳು.

ಸಂಖ್ಯೆಯ ಜೊತೆಗೆ ಚಿಹ್ನೆಯನ್ನೂ ಬೇರೆಯಾಗಿ ಹೊತ್ತೊಯ್ಯುವಂತೆ, ತಿಳಿಯದಿದ್ದರೆ ತಿಳಿಯದು ಎಂದೇ ಹೇಳುವಂತೆ ಎರಡೂ ಫಂಕ್ಷನ್ನುಗಳನ್ನು ತಿದ್ದಲು ಅವಳಿಗೆ ಇಪ್ಪತ್ತೈದು ನಿಮಿಷ ಸಾಕಾಯಿತು. ಅಳಿಸಿದ್ದ ಪರೀಕ್ಷೆಯನ್ನು ವಾಪಸು ತಂದು ಓಡಿಸಿದಳು. ಸಾವಿರಕ್ಕೆ ಸಾವಿರ ಸರಿ. ಮುದುಕ ಮತ್ತೆ ಗುಂಡಿ ಒತ್ತಿದಾಗ ಪರದೆಯ ಮೇಲೆ ಕೆಂಪು ದೀಪ ಹತ್ತಿ ಗಂಟೆ ಹೊಡೆಯಿತು. ಯಾರೋ ಚಪ್ಪಾಳೆ ತಟ್ಟಿದರು.

"ಯಾವನಯ್ಯಾ ಅದು ಚಪ್ಪಾಳೆ?" ಇಲ್ವಾ ತಿರುಗಿದಳು. "ಇಪ್ಪತ್ತೈದು ನಿಮಿಷದ ಕೆಲಸ. ಅದಕ್ಕೆ ಒಬ್ಬರು ಸೊಂಟ ಮುರ್ಕೊಂಡು ದಿನವೆಲ್ಲ ನೆಲದ ಮೇಲೆ ಬಿದ್ದಿದ್ರು. ನಾಚಿಕೆ ಆಗಲ್ವಾ ನಮಗೆ?"

ಆಮೇಲೆ ಅವಳು ದೂರುಗಳ ಕಡತ ತೆಗೆದಳು. ಜನವರಿ ಎರಡನೆಯ ತಾರೀಕು ಲುವಾಮ್ ಸಹಾಯವಾಣಿಗೆ ಫೋನು ಮಾಡಿದ್ದು ಅಲ್ಲಿತ್ತು. 'ಯೋರ್ಡಿಸ್ ಹೋಕ್ ಹೆಸರು ನನ್ನ ಪಟ್ಟಿಯಿಂದ ಹೋಗಿದೆ, ಭೇಟಿ ದಾಖಲಿಸಲು ಆಗುತ್ತಿಲ್ಲ, ಅವರು ಬದುಕಿದ್ದಾರೆ, ದಯವಿಟ್ಟು ಸರಿಮಾಡಿ.' ಉತ್ತರ: 'ಬಳಕೆದಾರರ ಕಡೆಯ ತೊಂದರೆ. ಮುಚ್ಚಲಾಗಿದೆ.' ಎಂಟನೆಯ ತಾರೀಕು ಮತ್ತೊಂದು ದೂರು, ಅದೇ ಉತ್ತರ. ಹದಿನೈದರಂದು ಮೂರನೆಯದು. ಅದನ್ನು ಯಾರೂ ತೆರೆದೇ ಇರಲಿಲ್ಲ.

ಮೂರನ್ನೂ, ಇಪ್ಪತ್ತಮೂರು ಸಾಲುಗಳನ್ನೂ, ತನ್ನ ಹೆಸರಿದ್ದ ಒಪ್ಪಿಗೆಯ ಪುಟವನ್ನೂ ಕಾಗದದ ಮೇಲೆ ಮುದ್ರಿಸಿಕೊಂಡು, ಪೊಂಟುಸ್ ಕೂಗುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಇಲ್ವಾ ಕೋಟು ತೊಟ್ಟು ಹೊರಬಿದ್ದಳು.

ಲುವಾಮಳ ಫೋನ್ ನಂಬರು ದೂರಿನಲ್ಲೇ ಇತ್ತು. ಬಸ್ಸಿನಿಂದ ಕರೆ ಮಾಡಿದರೆ ಆಚೆ ಕಡೆಯ ದನಿ ಕಲ್ಲಿನಂತಿತ್ತು.

"ಯಾರು ನೀನು? ಮೂರು ಸಲ ನಾನು ಫೋನ್ ಮಾಡಿದಾಗ ಎಲ್ಲಿದ್ದೆ? ಈಗೇನು ನಾಟಕ?"

"ನಿಮ್ಮದೇನೂ ತಪ್ಪಿಲ್ಲ ಅಂತ ತೋರಿಸೋ ಕಾಗದ ನನ್ನತ್ರ ಇದೆ."

"ನನ್ನದೇನೂ ತಪ್ಪಿಲ್ಲ ಅಂತ ನಂಗೆ ಮೊದಲೇ ಗೊತ್ತು. ನಾನು ಆಸ್ಪತ್ರೇಲಿದೀನಿ, ಯೋರ್ಡಿಸ್ ಅಜ್ಜಿ ಹತ್ರ. ಬರೋ ಹಾಗಿದ್ರೆ ಇಲ್ಲಿಗೆ ಬಾ. ಅವರ ಮುಖ ನೋಡಿ ಹೇಳು."

ಲುವಾಮ್ ಮೂವತ್ತೈದರ ಹೆಂಗಸು. ಎರಿಟ್ರಿಯದಿಂದ ಬಂದು ಹದಿನಾರು ವರ್ಷವಾಗಿತ್ತು, ಅದರಲ್ಲಿ ಹನ್ನೊಂದು ವರ್ಷ ಇದೇ ಕೆಲಸ. ಯೋರ್ಡಿಸ್ ಅವರ ಹಾಸಿಗೆಯ ಪಕ್ಕ ಕೂತು ಅವರ ಬೆಳ್ಳಿಕೂದಲನ್ನು ಹೆಣೆಯುತ್ತಿದ್ದವಳು ಇಲ್ವಾ ಬಂದಾಗಲೂ ಕೈ ನಿಲ್ಲಿಸಲಿಲ್ಲ. ಯೋರ್ಡಿಸ್ ದಿಂಬಿಗೆ ಒರಗಿ ಕೂತಿದ್ದರು. ಚಿಕ್ಕ ಮೈ, ದೊಡ್ಡ ಮೂಗು. ಹಿಂದೆ ಇಪ್ಪತ್ತೆರಡು ವರ್ಷ ಟ್ರಾಮಿನಲ್ಲಿ ಕಂಡಕ್ಟರ್ ಆಗಿದ್ದವರು, ದನಿ ಇನ್ನೂ ಹಿಂದಿನ ಸೀಟಿನವರೆಗೆ ಮುಟ್ಟುತ್ತಿತ್ತು.

ಇಲ್ವಾ ನಡೆದದ್ದನ್ನೆಲ್ಲ ಹೇಳಿದಳು. ಚಿಹ್ನೆ ಉದುರಿದ್ದು, ಪರೀಕ್ಷೆ ಅಳಿಸಿದ್ದು, ತಾನು ಓದದೆ ಒಪ್ಪಿದ್ದು. ತನ್ನ ಹೆಸರಿದ್ದ ಹಾಳೆಯನ್ನೂ ಬಿಡಿಸಿ ತೋರಿಸಿದಳು.

"ಅಂದ್ರೆ ನಾನು ಇನ್ನೂ ಹುಟ್ಟೇ ಇಲ್ಲ," ಎಂದರು ಯೋರ್ಡಿಸ್.

"ನಮ್ಮ ಪ್ರೋಗ್ರಾಂ ಪ್ರಕಾರ, ಹೌದು."

"ಹುಟ್ಟದೇ ಇದ್ದೋಳು ಅಡುಗೆಮನೇಲಿ ಬಿದ್ದು ಒದ್ದಾಡಿದ್ನಲ್ಲ, ಅದು ಹೇಗಮ್ಮ? ಕಾಲ ಬುಡದಲ್ಲೇ ಫ್ರಿಜ್ಜು. ಒಳಗೆ ಹಾಲಿದೆ ಅಂತ ಗೊತ್ತು, ಕೈ ನಿಲುಕಲ್ಲ. ಉಚ್ಚೆ ಅಲ್ಲೇ ಆಯ್ತು. ತೊಂಬತ್ತೊಂಬತ್ತು ವರ್ಷ ಯಾರ ಕೈಲೂ ಒಂದು ಮಾತು ಅನ್ನಿಸ್ಕೊಳ್ಳದೇ ಬದುಕಿದೋಳು ನಾನು. ಒದ್ದೆ ನೆಲದ ಮೇಲೆ ಬಿದ್ಕೊಂಡು ಇವಳು ಯಾವಾಗ ಬರ್ತಾಳೋ ಅಂತ ಬಾಗಿಲ ಸಂದಿ ನೋಡ್ತಿದ್ದೆ. ಬರೆದ್ಕೋ ಅದನ್ನ. ನಿನ್ನ ಕಂಪ್ಯೂಟರಲ್ಲಿ ಬರೆದ್ಕೋ."

ಇಲ್ವಾ ತಲೆ ತಗ್ಗಿಸಿದಳು.

"ತಲೆ ತಗ್ಗಿಸಬೇಡ, ನನ್ನ ನೋಡು," ಎಂದು ಗದರಿದರು ಯೋರ್ಡಿಸ್. "ಟಿಕೆಟ್ ಇಲ್ದೇ ಸಿಕ್ಕಿಬಿದ್ದೋರೆಲ್ಲ ಹೀಗೇ ನೆಲ ನೋಡ್ತಿದ್ರು. ನಂಗೆ ಅದನ್ನ ಕಂಡ್ರೆ ಆಗಲ್ಲ. ಈ ಹುಡುಗಿ ಊಟದ ಬಿಡುವಿನಲ್ಲಿ ತನ್ನ ಊಟ ಬಿಟ್ಟು ನನಗೆ ಗಂಜಿ ಕಾಯಿಸಿ ಕೊಡ್ತಿದ್ಲು. ಪಟ್ಟೀಲಿಲ್ಲ, ಹೋಗಬೇಡ ಅಂತ ಅವಳ ಮೇಲಿನವಳು ಬೈದ್ರೂ ಬರ್ತಿದ್ಲು. ಅವಳ ರಜೆ ದಿನ ನಾನು ಬಿದ್ದೆ. ಅವಳ ಬದಲು ಬಂದೋಳಿಗೆ ನಾನಿದೀನಿ ಅಂತಾನೇ ಗೊತ್ತಿರ್ಲಿಲ್ಲ. ಅವತ್ತು ರಜೆಯಲ್ಲೂ ಇವಳಿಗೆ ನನ್ನದೇ ಯೋಚನೆ. ಮಾರನೇ ದಿನ ಕೆಲಸಕ್ಕೆ ಹೋಗೋಕೆ ಮುಂಚೆ, ಬೆಳಗಿನ ಜಾವದಲ್ಲೇ ಬಾಗಿಲು ತೆಗೆದ್ಲು. ಈಗ ಇವಳೇ ಕಳ್ಳಿನಾ?"

"ಗುರುವಾರ ಕೊನೇ ವಿಚಾರಣೆ ಇದೆ," ಎಂದಳು ಲುವಾಮ್, ಜಡೆಯ ತುದಿಗೆ ರಬ್ಬರು ಹಾಕುತ್ತ. "ಇಲ್ಲಿ ಅತ್ತು ಕರೆದು ಮಾಡಿದ್ರೆ ನನಗೇನೂ ಪ್ರಯೋಜನ ಇಲ್ಲ. ಅಲ್ಲಿ ಬಂದು ಹೇಳ್ತೀಯಾ?"

"ಹೇಳ್ತೀನಿ."

"ನಿನ್ನ ಹೆಸರು ಸೇರಿಸಿ?"

"ಸೇರಿಸಿ."

"ನೋಡೋಣ," ಎಂದಳು ಲುವಾಮ್. ನಂಬಿದ ಹಾಗೆ ಕಾಣಲಿಲ್ಲ.

ಮಂಗಳವಾರ ಕಂಪನಿಯ ವಕೀಲನಿಂದ ಇಲ್ವಾಳಿಗೆ ಕಾಗದ ಬಂತು. ಒಳಗಿನ ದಾಖಲೆಗಳನ್ನು ಹೊರಗೆ ತೋರಿಸಿದರೆ ಕೆಲಸ ಹೋಗುತ್ತದೆ ಎಂದು ನಯವಾದ ಭಾಷೆಯಲ್ಲಿ ಬರೆದಿತ್ತು. ಅವಳು ಅದನ್ನೂ ಮಡಚಿ ಆ ಕಾಗದಗಳ ಜೊತೆಗೇ ಇಟ್ಟುಕೊಂಡಳು. ಬುಧವಾರ ಪೊಂಟುಸ್ ಅವಳ ಮೇಜಿನ ಹತ್ತಿರ ಬಂದು, ಸಂಬಳ ಹೆಚ್ಚಿಸುವ ಮಾತೆತ್ತಿದ. ಇಲ್ವಾ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅವನು ಹೋಗುವ ತನಕ ಪರದೆಯಿಂದ ಕಣ್ಣು ಕೀಳಲಿಲ್ಲ.

ವಿಚಾರಣೆ ಪುರಸಭೆಯ ಕಟ್ಟಡದ ಸಣ್ಣ ಕೋಣೆಯಲ್ಲಿ. ಗುನ್ವೋರ್ ಎಂಬ ಹಿರಿಯ ಅಧಿಕಾರಿ ನಡುವೆ ಕೂತಿದ್ದಳು. ಒಂದು ಬದಿಗೆ ಲುವಾಮ್, ಇನ್ನೊಂದು ಬದಿಗೆ ಪೊಂಟುಸ್ ಮತ್ತು ವಕೀಲ. ಇಲ್ವಾಳಿಗೆ ಕರೆಯಿರಲಿಲ್ಲ. ತನ್ನ ಪರ ಮಾತಾಡುವವಳೆಂದು ಲುವಾಮ್ ಅವಳ ಹೆಸರು ಬರೆಸಿದ್ದರಿಂದ ಒಳಗೆ ಬಿಟ್ಟರು.

ಮೊದಲು ಪೊಂಟುಸ್ ಬೆಣ್ಣೆ ಸವರಿದಂತೆ ಮಾತಾಡಿದ. ಜನವರಿ ಕೊನೆಯ ವಾರ ಒಂದು ಸಣ್ಣ ದೋಷ ಕಂಡುಬಂದಿತ್ತು, ಅದನ್ನು ಸರಿಪಡಿಸಲಾಗಿದೆ, ಆದರೆ ಅದಕ್ಕೂ ಈ ಘಟನೆಗೂ ನೇರ ಸಂಬಂಧ ಇದೆ ಎನ್ನಲಾಗದು ಎಂದ.

"ಸುಳ್ಳು," ಎಂದಳು ಇಲ್ವಾ ಕೂತಲ್ಲಿಂದಲೇ.

"ನಿಮ್ಮ ಸರದಿ ಬರುತ್ತೆ," ಎಂದಳು ಗುನ್ವೋರ್.

"ಬರೋ ತನಕ ಸುಳ್ಳು ಕೇಳ್ತಾ ಕೂತಿರೋಕಾಗಲ್ಲ. ಕಂಡುಬಂದದ್ದು ಫೆಬ್ರವರಿ ಮೂರಕ್ಕೆ. ಕಂಡವಳು ನಾನು. ಇವನು ಆಗ ಬನ್ ತಿನ್ತಾ ಇದ್ದ."

ಅವಳು ಲ್ಯಾಪ್‌ಟಾಪನ್ನು ಗುನ್ವೋರಳ ಎದುರಿಗೆ ತಿರುಗಿಸಿ ಇಟ್ಟಳು. ಹಳೆಯ ಎರಡು ಫಂಕ್ಷನ್ನುಗಳನ್ನು ಇದ್ದಂತೆಯೇ ತಂದಿದ್ದಳು. "ನಾನೇನೂ ಒತ್ತಲ್ಲ. ನೀವೇ ಒತ್ತಿ. ಯೋರ್ಡಿಸ್ ಅವರ ಸಂಖ್ಯೆ ಹಾಕಿ, ಪ್ಲಸ್ ಚಿಹ್ನೆ ಸೇರಿಸಿ."

ಗುನ್ವೋರ್ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಂಕಿ ಹಾಕಿದಳು. ಅಡ್ಡಗೆರೆ ಬಂತು. ಅವಳು ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ಹಾಕಿದಳು. ಮತ್ತೆ ಅಡ್ಡಗೆರೆ.

"ನನ್ನ ಅಪ್ಪಂದು ಹಾಕ್ಲಾ?" ಎಂದಳು ಮೆಲ್ಲಗೆ. "ಮುಂದಿನ ವರ್ಷ ನೂರು ತುಂಬುತ್ತೆ. ಜನವರಿಗೆ ಪ್ಲಸ್ ಬರುತ್ತೆ."

"ಹಾಕಿ."

ಹಾಕಿದಳು. ನೋಡಿದಳು. ಅಪ್ಪನ ಪ್ಲಸ್ಸೂ ಅಡ್ಡಗೆರೆಯಾಗಿ ಬಂದಿತ್ತು. ಇಲ್ವಾ ಇಪ್ಪತ್ತಮೂರು ಸಾಲುಗಳ ಹಾಳೆಯನ್ನೂ ಲುವಾಮಳ ಮೂರು ದೂರುಗಳನ್ನೂ ಮೇಜಿನ ಮೇಲಿಟ್ಟಳು. ಕೊನೆಗೆ ಒಪ್ಪಿಗೆಯ ಹಾಳೆ.

"ಇದರಲ್ಲಿ ಸಹಿ ಇವಳದ್ದೂ ಇದೆ, ಅದನ್ನ ಗಮನಿಸಬೇಕು," ಎಂದ ಪೊಂಟುಸ್.

"ಗಮನಿಸಲಿ ಅಂತಾನೇ ತಂದಿದೀನಿ. ಫಂಕ್ಷನ್ ಬರೆದವಳು ನಾನು. ಪರೀಕ್ಷೆ ಅಳಿಸಿದವನು ಇವನು. ಓದದೇ ಹೂಂ ಅಂದವಳು ನಾನು. ಕರೆ ಬಂದಿಲ್ಲ ಅಂತ ನಿಮಗೆ ಬರೆದುಕೊಟ್ಟವನು ಇವನು. ಈ ಕೋಣೇಲಿ ತನ್ನ ಕೆಲಸ ಸರಿಯಾಗಿ ಮಾಡಿದವಳು ಲುವಾಮ್ ಒಬ್ಬಳೇ. ಅವಳನ್ನ ಹಿಡಿದು ಕೂರಿಸಿದೀರಿ."

"ದನಿ ತಗ್ಗಿಸಿ," ಎಂದ ವಕೀಲ.

"ತಗ್ಗಿಸಲ್ಲ."

ಗುನ್ವೋರ್ ವಕೀಲನ ಕಡೆ ನೋಡಿ, "ಅವರು ಮಾತಾಡಲಿ," ಎಂದಳು. ಆಮೇಲೆ ಲುವಾಮಳ ಕಡೆ ತಿರುಗಿ, ಏನಾದರೂ ಹೇಳುವುದಿದೆಯೇ ಎಂದು ಕೇಳಿದಳು.

ಲುವಾಮ್ ಎದ್ದು ನಿಂತಳು. "ಮೂರು ಸಲ ಹೇಳಿದೆ. ಬರೆದೂ ಕೊಟ್ಟೆ. ಯಂತ್ರ ಹೇಳಿದ್ದನ್ನ ನಂಬಿದ್ರಿ, ನನ್ನನ್ನ ನಂಬಲಿಲ್ಲ. ಅವಳು ಬಂದು ಯಂತ್ರದಿಂದಲೇ ಹೇಳಿಸಿದ ಮೇಲೆ ಈಗ ನಂಬ್ತಿದೀರಿ. ನನಗೆ ಇನ್ನೇನೂ ಹೇಳೋಕಿಲ್ಲ."

ತೀರ್ಪು ಬರಲು ಒಂಬತ್ತು ದಿನ ಹಿಡಿಯಿತು. ಲುವಾಮಳ ಮೇಲಿನ ಆರೋಪ ಬಿದ್ದುಹೋಯಿತು. ನಿಂತ ಸಂಬಳ ಕೊಟ್ಟರು. ಕಂಪನಿಯೊಂದಿಗಿನ ಒಪ್ಪಂದವನ್ನು ಆ ಊರು ಮುರಿದುಕೊಂಡಿತು, ಮಿಕ್ಕ ಐದು ಊರುಗಳು 'ಪರಿಶೀಲಿಸುತ್ತೇವೆ' ಎಂದವು. ಪೊಂಟುಸನನ್ನು ಬೇರೆ ವಿಭಾಗಕ್ಕೆ ಹಾಕಿದರು, ಅದೂ ಮೇಲಿನ ಹುದ್ದೆಗೆ. ಇಲ್ವಾಳಿಗೆ ಕೆಲಸದಿಂದ ತೆಗೆದ ನೋಟೀಸು ಬಂತು. ಅವಳು ಅದಕ್ಕೆ ಮೊದಲೇ ತನ್ನ ಮೇಜು ಖಾಲಿ ಮಾಡಿದ್ದಳು. ಯೋರ್ಡಿಸ್ ವಾಕರ್ ಹಿಡಿದು ಕಾರಿಡಾರಿನ ತುದಿವರೆಗೆ ನಡೆಯುವಷ್ಟಾದರು, ದಾರಿಯುದ್ದಕ್ಕೂ ಫಿಸಿಯೊಥೆರಪಿಯವನನ್ನು ಬೈಯುತ್ತ.

ಪುರಸಭೆಯಿಂದ ಲುವಾಮಳಿಗೆ ಬಂದ ಪತ್ರದಲ್ಲಿ 'ಕ್ಷಮಿಸಿ' ಎಂಬ ಮಾತಿರಲಿಲ್ಲ. ವಾಪಸು ಕೆಲಸಕ್ಕೆ ಬರಬಹುದು ಎಂದಷ್ಟೇ ಇತ್ತು. ಅವಳು ಬರುವುದಿಲ್ಲವೆಂದು ಉತ್ತರ ಬರೆದಳು. ಆ ಪತ್ರವನ್ನು ಪುರಸಭೆಗೆ ಕೊಟ್ಟು ಬಂದ ದಿನ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅವಳು ಇಲ್ವಾಳನ್ನು ಕಂಡಳು. ಇಲ್ವಾ ಯೋರ್ಡಿಸ್ ಅವರನ್ನು ನೋಡಿಕೊಂಡು ವಾಪಸು ಹೊರಟಿದ್ದಳು. ಇಬ್ಬರ ನಡುವೆ ಹಿಮ ಕರಗಿದ ರಾಡಿ.

"ನಿಮ್ಮ ಜೊತೆ ಒಂದು ಮಾತಾಡಬೇಕಿತ್ತು," ಎಂದಳು ಇಲ್ವಾ. "ನಾನು..."

"ಕ್ಷಮಿಸಿ ಅಂತ ಹೇಳೋಕೆ ಹೊರಟಿದ್ರೆ ಬೇಡ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸ್ಕೊಳ್ಳೋ ಅವಸರಾನೂ ಇಲ್ಲ." ಲುವಾಮ್ ಬ್ಯಾಗಿನಿಂದ ಒಂದು ನೋಟ್‌ಪುಸ್ತಕ, ಪೆನ್ನು ತೆಗೆದು ಚಾಚಿದಳು. "ಬರೆದುಕೊಡು. ಏನಾಯ್ತು ಅಂತ. ನಾಳೆ ಇನ್ನೊಂದು ಊರಲ್ಲಿ ಕೆಲಸ ಕೇಳೋಕೆ ಹೋದಾಗ ಹಳೇ ಕಡತ ನೋಡಿ ಮುಖ ತಿರುಗಿಸಿದ್ರೆ ತೋರಿಸೋಕೆ ಬೇಕು. ಯಂತ್ರದಲ್ಲಿ ಮಾಡಿದ್ದು ಬೇಡ. ಕೈಯಲ್ಲಿ ಬರಿ."

ಇಲ್ವಾ ಬೆಂಚಿನ ಮೇಲೆ ಕೂತು, ಚಳಿಗೆ ಮರಗಟ್ಟಿದ ಬೆರಳಿನಿಂದ ಬರೆದಳು. ಒಂದು ಪುಟವಾಯಿತು. ಲುವಾಮ್ ನಿಂತುಕೊಂಡೇ ಅದನ್ನು ಓದಿದಳು. ಮಧ್ಯದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"'ತಾಂತ್ರಿಕ ಸಮಸ್ಯೆ ಉಂಟಾಯಿತು' ಅಂತ ಬರೆದಿದೀಯ. ಉಂಟಾಯಿತು ಅಂದ್ರೆ? ತಾನಾಗೇ ಉಂಟಾಯ್ತಾ, ಮಳೆ ಬಂದ ಹಾಗೆ?"

ಇಲ್ವಾಳ ಕೆನ್ನೆ ಬಿಸಿಯಾಯಿತು. ಒಂದು ಕ್ಷಣ ಅವಳಿಗೂ ಸಿಟ್ಟು ಬಂತು, ಇನ್ನೆಷ್ಟು ಸಲ ಹೇಳಿಸುತ್ತಾಳೆ ಎಂದು. ಆಮೇಲೆ ಆ ಹಾಳೆ ಹರಿದು, ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆದಳು. ಆ ಸಾಲು ಬಂದಾಗ, 'ನಾನು ತಪ್ಪು ಮಾಡಿದೆ, ನಮ್ಮ ಕಂಪನಿ ಅದನ್ನು ಮುಚ್ಚಿಟ್ಟಿತು' ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದಳು.

ಲುವಾಮ್ ಎರಡು ಸಲ ಓದಿ, ಹಾಳೆಯನ್ನು ಮಡಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕೋಟಿನ ಒಳಜೇಬಿಗೆ ಇಳಿಸಿದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಹತ್ತುವಾಗ ಹಿಂತಿರುಗಿ, "ಅಜ್ಜಿನ ನೋಡೋಕೆ ಶನಿವಾರ ಯಾರೂ ಬರಲ್ಲ. ಹೋಗೋದಾದ್ರೆ ಅವತ್ತು ಹೋಗು," ಎಂದಳು. ಬಾಗಿಲು ಮುಚ್ಚಿಕೊಂಡಿತು.